ಅಡ್ಡಮಾರಿಯವ ಎದ್ದುಹೋಗುವ ರೀತಿ

ನಮ್ಮ ಅತ್ತೆ ಸಿನೆಮಾದ ಪರದೆಗೆ ಕೈ ಮುಗಿಯುತ್ತಿದ್ದರು. ದೇವರ ಸಿನೆಮಾಕ್ಕೆ ಕೈ ಮುಗಿಯುವವರು ಆಗ ಸಿಂದಗಿಯಲ್ಲಿ ಬೇಕಾದಷ್ಟು ಮಂದಿ ಇದ್ದರು, ಅದರಲ್ಲೇನೂ ವಿಶೇಷವಿಲ್ಲ. ಇವರು ಕೈ ಮುಗಿಯುತ್ತಿದ್ದದ್ದು ಒಬ್ಬ ಕುಡುಕನಿಗೆ. ಇನ್ನೊಂದು ಸಿನೆಮಾದಲ್ಲಿ ಕೋಳಿ ಕಳ್ಳನಿಗೆ, ಮತ್ತೊಂದರಲ್ಲಿ ಹೆಣ ಹೊರುವವನಿಗೆ. ಟೆಂಟಿನಲ್ಲಿ ಹೆಂಗಸರ ಬದಿಗೆ ಕೂತವರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಅತ್ತೆಗೆ ಅದರ ಖಬರೇ ಇರುತ್ತಿರಲಿಲ್ಲ. ಆ ನಟ ಪರದೆಯಿಂದ ಮರೆಯಾಗುವ ತನಕ ಮುಗಿದ ಕೈ ಇಳಿಸುತ್ತಿರಲಿಲ್ಲ. ಅವನು ಪರದೆಯ ಮೇಲೆ ಇರುತ್ತಿದ್ದದ್ದೂ ಸ್ವಲ್ಪ ಹೊತ್ತೇ ಅನ್ನಿ.

ಯಾಕೆ ಹೀಗೆ ಎಂದು ಕೇಳಿದವರಿಗೆ ನಾನು ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಹೇಳಿದರೆ ಅತ್ತೆಯನ್ನು ನೋಡಿ ನಕ್ಕವರು ನನ್ನನ್ನೂ ನೋಡಿ ನಗುತ್ತಾರೆ ಎಂಬ ಅಳುಕು. ಈಗ ನಕ್ಕರೆ ನಗಲಿ.

ಮೊದಲು ಆ ನಟನ ವಿಷಯ ಹೇಳಬೇಕು. ಅವನ ಹೆಸರು ನಮಗೆ ಬಹಳ ವರ್ಷ ಗೊತ್ತೇ ಇರಲಿಲ್ಲ. ಸಿನೆಮಾ ಸುರುವಾಗುವಾಗ ತೋರಿಸುವ ಹೆಸರುಗಳಲ್ಲಿ ಅವನದು ಕಟ್ಟಕಡೆಯ ಗುಂಪಿನಲ್ಲಿ ಬಂದು, ಓದುವಷ್ಟರಲ್ಲಿ ಓಡಿಹೋಗುತ್ತಿತ್ತು. ಹಾಗಾಗಿ ನಾನೂ ನನ್ನ ಅಪ್ಪನೂ ಅವನನ್ನು ಅಡ್ಡಮಾರಿಯವ ಎಂದೇ ಕರೆಯುತ್ತಿದ್ದೆವು. ಮಾರಿ ಎಂದರೆ ನಮ್ಮ ಕಡೆ ಮುಖ. ಅವನು ಎಂದೂ ನೆಟ್ಟಗೆ ನಮ್ಮತ್ತ ಮುಖ ಮಾಡಿ ನಿಂತವನಲ್ಲ. ಮಿಕ್ಕವರೆಲ್ಲ ಫೋಟೋಕ್ಕೆ ನಿಂತವರ ಹಾಗೆ ಎದೆಯುಬ್ಬಿಸಿ ನಿಂತರೆ ಇವನು ಮಾತ್ರ ಓರೆಯಾಗಿ, ಯಾರೋ ಹಿಂದಿನಿಂದ ಕರೆದಾರೇನೋ ಎಂದು ಕಾಯುವವನಂತೆ ಇರುತ್ತಿದ್ದ.

ಅಪ್ಪ ಇಂಡಿಯಲ್ಲಿ ಸಿಂಪಿಗ, ಅಂದರೆ ದರ್ಜಿ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಊರಿಗೆ ಸಿನೆಮಾ ಟೆಂಟು ಬರುತ್ತಿತ್ತು. ಗಾಳಿಗೆ ಹರಿದ ಅದರ ಬಟ್ಟೆಗೆ ತೇಪೆ ಹಾಕುವ ಕೆಲಸ ಅಪ್ಪನದು. ಅದಕ್ಕೆ ಕೂಲಿಯ ಜೊತೆಗೆ ಇನ್ನೊಂದು ಲಾಭವಿತ್ತು: ನಾವಿಬ್ಬರೂ ಬೇಕಾದಾಗ ಹೋಗಿ ಕೂತು ಸಿನೆಮಾ ನೋಡಬಹುದು. ತಾಯಿಯಿಲ್ಲದ ಹುಡುಗಿಯನ್ನು ಸಂಜೆ ಮನೆಯಲ್ಲಿ ಒಬ್ಬಳನ್ನೇ ಬಿಡಲಾರದೆ ಅಪ್ಪ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಒಂದೊಂದು ಸಿನೆಮಾವನ್ನು ನಾವು ಬಾಯಿಪಾಠ ಆಗುವ ತನಕ ನೋಡಿದ್ದೇವೆ. ಹೀರೊ ಹಾಡು ಹೇಳುವಾಗ ಅಪ್ಪ ತೂಕಡಿಸುತ್ತಿದ್ದರು. ಅಡ್ಡಮಾರಿಯವ ಬಂದ ಕೂಡಲೇ ಮೊಣಕೈಯಿಂದ ತಿವಿದು ನನ್ನನ್ನು ಎಚ್ಚರಿಸುತ್ತಿದ್ದರು, ನಾನು ಎಚ್ಚರವಾಗಿಯೇ ಇದ್ದರೂ.

ಅವನು ಮಾಡದ ಪಾತ್ರವಿಲ್ಲ, ಮಾಡಿದ್ದರಲ್ಲಿ ಒಂದೂ ನೆಟ್ಟಗಿನ ಪಾತ್ರವಲ್ಲ. ರಾಜನ ಹಿಂದೆ ಛತ್ರಿ ಹಿಡಿದು ನಿಂತು, ರಾಜ ಅತ್ತಾಗ ಛತ್ರಿಯನ್ನೇ ತುಸು ವಾಲಿಸಿದವ. ಮದುವೆ ದಲ್ಲಾಳಿಯಾಗಿ ಬಂದು ಉಂಡು, ಹೆಣ್ಣು ನೋಡುವುದನ್ನೇ ಮರೆತು ಹೋದವ. ಕಾಲು ಹಿಂದುಮುಂದಾದ ದೆವ್ವವಾಗಿ ಬಂದು, ಎಲ್ಲರನ್ನೂ ಹೆದರಿಸಿ, ಕಡೆಗೆ ತನ್ನ ಕಾಲು ತಾನೇ ನೋಡಿಕೊಂಡು ಮರುಗಿದವ. ಒಂದರಲ್ಲಂತೂ ಹೆಣವಾಗಿದ್ದ. ಹೆಣಕ್ಕೇನು ಮಾಡಲಿಕ್ಕಿರುತ್ತದೆ? ಅದನ್ನೂ ಅಡ್ಡ ಮಲಗಿಯೇ ಮಾಡಿದ. ಅಪ್ಪ ಅವನ ಅಂಗಿಯನ್ನೇ ನೋಡುತ್ತಿದ್ದರು. ತೋಳು ಯಾವಾಗಲೂ ಬೆರಳು ಮುಚ್ಚುವಷ್ಟು ಉದ್ದ. ಹೊಲಿದವನ ತಪ್ಪಲ್ಲ ಇದು, ತಾನೇ ಹೇಳಿ ಉದ್ದ ಬಿಡಿಸಿಕೊಂಡಿದ್ದಾನೆ, ಕೈ ಎಲ್ಲಿಡಬೇಕು ತಿಳಿಯದ ಬಡವರನ್ನು ಮಾಡಲಿಕ್ಕೆ, ಎಂದು ಅಪ್ಪನ ವಾದ. ಅವನು ಮೊದಲು ಯಾವುದೋ ನಾಟಕ ಕಂಪನಿಯಲ್ಲಿ ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುತ್ತಿದ್ದನೆಂದೂ ಅಪ್ಪ ಹೇಳುತ್ತಿದ್ದರು. ವರ್ಷಗಟ್ಟಲೆ ಓರೆಯಾಗಿ ನಿಂತವನಿಗೆ ಸಿನೆಮಾಕ್ಕೆ ಬಂದ ಮೇಲೂ ನೆಟ್ಟಗೆ ನಿಲ್ಲಲು ಬಾರದಂತೆ. ಇದು ಖರೆಯೋ ಅಪ್ಪನ ಕಟ್ಟುಕತೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆದರೆ ಅಪ್ಪ ಹೇಳಿದ ಒಂದು ಮಾತು ಸುಳ್ಳಲ್ಲ.

“ಬರೂದು ಎಲ್ಲಾ ಹೀರೋಗೂ ಬರ್ತೈತಿ,” ಎಂದಿದ್ದರು ಒಮ್ಮೆ, ಮಶೀನು ತುಳಿಯುವುದನ್ನು ನಿಲ್ಲಿಸಿ. “ಎದ್ದು ಹೋಗೂದು ಇವನೊಬ್ಬಗ ಬರ್ತೈತಿ ನೋಡು.”

ಆಮೇಲೆ ನಾನೂ ಗಮನಿಸಿದೆ. ಯಾವ ಪಾತ್ರವಾದರೂ ಇರಲಿ, ಹೊರಟಾಗ ಹೊಸ್ತಿಲ ಹತ್ತಿರ ನಿಲ್ಲುತ್ತಿದ್ದ. ತಿರುಗಿ ಜನರನ್ನು ನೋಡುತ್ತಿರಲಿಲ್ಲ. ಅಲ್ಲಿದ್ದ ಯಾವುದೋ ಸಣ್ಣ ವಸ್ತುವನ್ನು, ಒಂದು ಚೊಂಬನ್ನೋ ಗೂಟಕ್ಕೆ ಹಾಕಿದ ಟೋಪಿಯನ್ನೋ ಒಂದು ಕ್ಷಣ ನೋಡಿ, ಹೋಗಿಬಿಡುತ್ತಿದ್ದ. ಆ ಮನೆ ಅವನಿಲ್ಲದೆ ಬರಿದಾಯಿತು ಎಂದು ನಮಗೆ ಅನಿಸುತ್ತಿತ್ತು, ಕಳ್ಳನಾಗಿ ಬಂದಿದ್ದರೂ ಸಹ. ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ನಾನು ಅವನ ನಡಿಗೆ, ಅವನ ಹೊರಡುವಿಕೆ ಮಾಡಿ ತೋರಿಸುತ್ತಿದ್ದೆ. ಅಪ್ಪ ತೋಳು ಇನ್ನಷ್ಟು ಜಗ್ಗು ಎನ್ನುತ್ತಿದ್ದರು.

ಇಂಥ ಹುಡುಗಿಯನ್ನು ಸಿಂದಗಿಗೆ ಕೊಟ್ಟರು. ನಮ್ಮ ಮನೆಯವರು ಕಾಳು ಮಾರಿಸುವ ಅಡತಿ ಅಂಗಡಿಯಲ್ಲಿ ಗುಮಾಸ್ತರು, ಮಾತು ಕಡಿಮೆ. ಮನೆಯಲ್ಲಿ ಅವರ ತಾಯಿ, ನಾನು, ಅವರು, ಇಷ್ಟೇ. ಅತ್ತೆ ಕೆಟ್ಟವರಲ್ಲ. ಆದರೆ ನನ್ನನ್ನು ಹೆಸರು ಹಿಡಿದಾಗಲೀ ಮಗಳೇ ಎಂದಾಗಲೀ ಕರೆದವರಲ್ಲ; ಏನಿದ್ದರೂ ‘ಇಕಿ’, ಇಲ್ಲವೇ ‘ಏ’. ಎರಡು ಸಲ ಬಸಿರು ಕೈತಪ್ಪಿದ ಮೇಲೆ ಆ ‘ಏ’ ಕೂಡ ಕಡಿಮೆಯಾಯಿತು. ಮೂರನೆಯದು ಏಳು ತಿಂಗಳು ತುಂಬಿ ನಿಂತಾಗ ಮನೆಯಲ್ಲಿ ಯಾರೂ ಜೋರಾಗಿ ಉಸಿರು ಬಿಡುತ್ತಿರಲಿಲ್ಲ. ಕೂಸಿನ ಮಾತು ಆಡಿದರೆ ಎಲ್ಲಿ ದೃಷ್ಟಿ ತಾಗುತ್ತದೋ ಎಂದು ಅದರ ಮಾತೇ ಇಲ್ಲ. ಅತ್ತೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಅದೂ ಬೇರೆಲ್ಲೋ ನೋಡುತ್ತ: “ಆಡ್ತೈತೇನು?” ಹೊಟ್ಟೆಯೊಳಗಿನದು ಮಿಸುಕಾಡುತ್ತದೆಯೇ ಎಂದು. ಹೌದ್ರಿ ಎಂದರೆ ಮುಗಿಯಿತು, ರೊಟ್ಟಿ ಬಡಿಯಲು ಹೋಗುವರು.

ಓಣಿಯ ಅಯ್ಯನವರು ಬಂದು, ಮನೆಗೆ ಶನಿಕಾಟವಿದೆ, ಶನಿದೇವರ ಕಥೆ ಓದಿಸಿರಿ ಎಂದರು. ಕಥೆ ಓದುವವರು ಸೊಲ್ಲಾಪುರಕ್ಕೆ ಮಗಳ ಮನೆಗೆ ಹೋಗಿ ಕೂತಿದ್ದರು. ಅದೇ ವಾರ ಊರಿಗೆ ಟೆಂಟು ಬಂತು. ಜಾಹೀರಾತಿನ ಬಂಡಿ ಮನೆಯ ಮುಂದೆ ಹಾದುಹೋದಾಗ ಅದರ ಹಲಗೆಯ ಮೇಲೆ ಶನಿದೇವರ ಚಿತ್ರ. ಬಣ್ಣ ಬಳಿದವನು ಹೇಗೇ ಬಳಿದಿರಲಿ, ಆ ಅಡ್ಡ ಮುಖ ನಾನು ಗುರುತು ಹಿಡಿಯದೆ ಇರುತ್ತೇನೆಯೇ? ಅವನಿಗೆ ಇಷ್ಟು ದೊಡ್ಡ ಪಾತ್ರ ಯಾರೂ ಕೊಟ್ಟಿರಲಿಲ್ಲ. ಕಿವಿಯಿಂದ ಕೇಳುವ ಕಥೆಯನ್ನು ಕಣ್ಣಿಂದ ನೋಡಿದರೆ ಪುಣ್ಯ ಇಮ್ಮಡಿಯಲ್ಲವೇ ಎಂದು ಅತ್ತೆಯ ಕಿವಿಯಲ್ಲಿ ಹಾಕಿದೆ. ಅವರು ಯೋಚಿಸಿ, ತಲೆಗೆ ಎರಕೊಂಡು, ನೇಮದಿಂದ ಉಪವಾಸವಿದ್ದು ಶನಿವಾರ ಸಂಜೆಯ ಆಟಕ್ಕೆ ನನ್ನನ್ನು ಕರೆದುಕೊಂಡು ನಡೆದರು. ಸೆರಗಿನ ತುದಿಯಲ್ಲಿ ಎಳ್ಳು ಬೆಲ್ಲದ ಗಂಟು.

ಊರಿನವರೆಲ್ಲ ಹಾಗೆಯೇ ಬಂದಿದ್ದರು. ಶನಿದೇವರ ಕಥೆಗೆ ಒಂದು ಕಟ್ಟಳೆಯಿದೆ, ನಮ್ಮ ಕಡೆಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಕೇಳಲು ಕೂತವರು ನಡುವೆ ಏಳಬಾರದು. ಕಥೆ ಮುಗಿದು, ರಾಜನ ಕಷ್ಟ ತೀರಿ, ಶನಿ ಹೊರಟುಹೋಗುವುದನ್ನು ಕೇಳಿ ಪ್ರಸಾದ ತಿಂದೇ ಏಳಬೇಕು. ಅರ್ಧಕ್ಕೆ ಎದ್ದವರ ಬೆನ್ನು ಹತ್ತಿ ಅವನು ಮನೆಗೆ ಬರುತ್ತಾನೆ. ಟೆಂಟಿನಲ್ಲಿಯೂ ಇದೇ ಕಟ್ಟಳೆ ಎಂದು ಯಾರೂ ಸಾರಿರಲಿಲ್ಲ, ಆದರೂ ನಡುವೆ ಬೀಡಿ ಸೇದಲು ಸಹ ಒಬ್ಬರೂ ಏಳಲಿಲ್ಲ.

ಅಡ್ಡಮಾರಿಯವ ಶನಿಯಾಗಿ ಬಂದ. ಕಿರೀಟವಿತ್ತು, ಆದರೆ ಗದ್ದಲವಿಲ್ಲ, ಅಟ್ಟಹಾಸವಿಲ್ಲ. ಒಂದು ಕಾಲು ಎಳೆಯುತ್ತ ಬಂದು ರಾಜನ ಹೊಸ್ತಿಲ ಮೇಲೆ, ಜಪ್ತಿಗೆ ಬಂದ ತಳವಾರ ತಾನೇ ನಾಚಿಕೊಂಡು ಕೂತ ಹಾಗೆ ಕೂತ. ಕಷ್ಟ ಕೊಡುವುದು ತನ್ನ ಕೆಲಸ, ಮಾಡದೆ ವಿಧಿಯಿಲ್ಲ, ಆದರೆ ಇದರಲ್ಲಿ ತನಗೆ ಸುಖವಿಲ್ಲ ಎಂಬುದು ಅವನ ಬೆನ್ನಿನಲ್ಲೇ ಕಾಣುತ್ತಿತ್ತು. ಅಪ್ಪನನ್ನು ನೆನೆದು ನನಗೆ ಅಳು ಬಂತು. ನಮ್ಮ ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತ, “ಇಂವಾ ಖರೇ ಶನಿ,” ಎಂದರು. ರಾಜ ಕೈಕಾಲು ಕಳೆದುಕೊಂಡು ಗಾಣದ ಮೇಲೆ ಕೂತು ಎತ್ತು ಹೊಡೆಯುತ್ತಿದ್ದ. ದೂರದಲ್ಲಿ ಕುಂಟುತ್ತ ಬರುವ ಅಡ್ಡ ಆಕೃತಿ ಕಾಣಿಸಿತು. ಇನ್ನು ಕೈಕಾಲು ಕೊಡುತ್ತಾನೆ, ಇನ್ನು ಹೊರಡುತ್ತಾನೆ ಎನ್ನುವಾಗ ಪರದೆ ಬೆಳ್ಳಗಾಯಿತು.

ಆಮೇಲೆ ಟೆಂಟಿನವರು ದಿನಾ ಕಡೆಗೆ ತೋರಿಸುವ ಲಕ್ಷ್ಮಿಯ ಚಿತ್ರ ಬಂತು, ಕೆಳಗೆ ‘ಶುಭಂ’.

ಸಿನೆಮಾದ ಕಡೆಯ ಡಬ್ಬಿ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರಬೇಕಿತ್ತಂತೆ. ಅಕಾಲ ಮಳೆಗೆ ಹಳ್ಳ ಬಂದು ಬಸ್ಸು ಆಚೆಯೇ ನಿಂತಿತ್ತು. ಮ್ಯಾನೇಜರ್ ಮುಂದೆ ಬಂದು, ಮುಗೀತ್ರಿ, ಏಳ್ರಿ, ಎಂದ. ಯಾರೂ ಏಳಲಿಲ್ಲ. ಕೈ ಮುಗಿದ, ಬೈದ, ಇಂಜಿನ್ನು ಬಂದ್ ಮಾಡಿಸಿದ. ಕತ್ತಲೆಯಲ್ಲಿಯೂ ಜನ ಕಲ್ಲಿನ ಹಾಗೆ ಕೂತಿದ್ದರು. ಮೊದಲು ಎದ್ದವರ ಬೆನ್ನಿಗೆ ಅವನು ಬೀಳುತ್ತಾನೆ, ಅದು ನಾವೇಕಾಗಬೇಕು ಎಂಬುದು ಒಬ್ಬೊಬ್ಬರ ಮನಸ್ಸಿನಲ್ಲಿ. ಕೂಸುಗಳು ಅಳುತ್ತಿದ್ದವು. ಕಡೆಗೆ ಗಂಡಸರ ಬದಿಯಿಂದ ಒಬ್ಬ ಮುದುಕರು ಒಂದು ಉಪಾಯ ಹೇಳಿದರು: ತಾವು ಹರಹರ ಎಂದ ಕೂಡಲೇ ಎಲ್ಲರೂ ಒಟ್ಟಿಗೆ ಏಳಬೇಕು, ಆಗ ಅವನಿಗೆ ಯಾರ ಬೆನ್ನು ಹತ್ತಬೇಕೆಂದೇ ತಿಳಿಯುವುದಿಲ್ಲ. ಎಲ್ಲರಿಗೂ ಒಪ್ಪಿಗೆಯಾಯಿತು.

ನನಗೆ ಏಳುವುದೆಂದರೆ ಆಗ ಒಂದು ದೊಡ್ಡ ಕೆಲಸ. ಕಾಲು ಜೋಮು ಹಿಡಿದಿತ್ತು. ಎಲ್ಲರ ಜೊತೆ ಏಳಬೇಕಾದರೆ ತುಸು ಮೊದಲೇ ತಯಾರಾಗಬೇಕು ಎಂದು ಅತ್ತೆಯ ಹೆಗಲ ಮೇಲೆ ಕೈಯೂರಿ, ಮೊಣಕಾಲು ಎತ್ತಿ, ಅರ್ಧ ಎದ್ದೆ. ಹರಹರ ಎನ್ನಬೇಕಾದ ಮುದುಕರಿಗೆ ಅದೇ ಹೊತ್ತಿಗೆ ಕೆಮ್ಮು ಬಂತು. ಅವರು ಕೆಮ್ಮಿ ಮುಗಿಸುವ ತನಕ ಅಷ್ಟು ದೊಡ್ಡ ಟೆಂಟಿನಲ್ಲಿ ನಿಂತವಳು ನಾನೊಬ್ಬಳೇ. ಯಾರದೋ ಕೈಯಲ್ಲಿ ಕಂದೀಲು ಇತ್ತು.

“ಮೊದಲ ಎದ್ದಾಕಿ ಬಸಿರಿ ಹೆಂಗಸು,” ಎಂದಳು ಪಕ್ಕದ ಓಣಿಯವಳೊಬ್ಬಳು. ಮೆಲ್ಲಗೇ ಅಂದಳು. ಎಲ್ಲರಿಗೂ ಕೇಳಿಸಿತು.

ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಳ್ಳು ಬೆಲ್ಲದ ಗಂಟು ಬಿಚ್ಚದೆ ಹಾಗೇ ತಂದು ದೇವರ ಮುಂದೆ ಇಟ್ಟರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಇದನ್ನೆಲ್ಲ ನಂಬುವವಳಲ್ಲ ಎಂದು ತಿಳಿದುಕೊಂಡಿದ್ದೆ. ಆದರೆ ನೀರು ತರಲು ಹೋದಾಗ ಬಾವಿಯ ಕಟ್ಟೆಯಲ್ಲಿ ಹೆಂಗಸರು ನನಗೆ ದಾರಿ ಬಿಟ್ಟು ಸರಿದು ನಿಂತರೆ, ಯಾವ ಮುಲ್ಕಿ ಏನು ಮಾಡೀತು? ಬೆನ್ನ ಹಿಂದೆ ಕಾಲೆಳೆಯುವ ಸಪ್ಪಳ ಕೇಳಿದಂತಾಗುತ್ತಿತ್ತು. ಅತ್ತೆಯ “ಆಡ್ತೈತೇನು” ಈಗ ಹಗಲೂ ಇರುಳೂ ಬರತೊಡಗಿತು. ಕೇಳಿ ಕೇಳಿ ನನಗೆ ರೇಗುತ್ತಿತ್ತು, ಕೇಳದಿದ್ದರೆ ಭಯವಾಗುತ್ತಿತ್ತು.

ಅಷ್ಟರಲ್ಲಿ ಟೆಂಟು ಎದ್ದು ಬಸವನ ಬಾಗೇವಾಡಿಗೆ ಹೋಯಿತು. ಅಲ್ಲಿಂದ ಮುದ್ದೇಬಿಹಾಳಕ್ಕೆ ಹೋಗಿದೆ ಎಂದು ಅಂಗಡಿಗೆ ಬಂದ ಗಾಡಿಯವರು ಹೇಳಿದರು. ನಮ್ಮ ಮನೆಯವರು, ತಾನು ಹೋಗಿ ಕಡೆಯ ಭಾಗ ನೋಡಿ ಬರುತ್ತೇನೆ, ಈಕೆ ಈ ಸ್ಥಿತಿಯಲ್ಲಿ ಬಸ್ಸು ಹತ್ತುವುದು ಬೇಡ, ಎಂದರು.

“ಉಣ್ಣಾಂವ ನೀನು, ಹೊಟ್ಟಿ ಅಕಿದು ತುಂಬ್ತೈತೇನು?” ಎಂದರು ಅತ್ತೆ.

ಹೀಗೆ ನಾವಿಬ್ಬರೂ ಹೊರಟೆವು. ಬಸ್ಸಿನ ಹಲಗೆಯ ಸೀಟಿನ ಮೇಲೆ ಅತ್ತೆ ಕೌದಿ ನಾಲ್ಕು ಮಡಿಕೆ ಮಾಡಿ ಹಾಸಿ ನನ್ನನ್ನು ಕೂರಿಸಿದರು. ಆಗಿನ ರಸ್ತೆಯೆಂದರೆ ಎರೆಮಣ್ಣಿನಲ್ಲಿ ಗಾಡಿ ಹರಿದ ಚಾಕೋರಿ, ಗಾಲಿಯ ಜಾಡು ಅಷ್ಟೇ. ಬಸ್ಸು ಎತ್ತಿ ಹಾಕಿದಾಗಲೆಲ್ಲ ಅವರ ಕೈ ನನ್ನ ಹೊಟ್ಟೆಗೆ ಅಡ್ಡ ಬರುತ್ತಿತ್ತು. ಶನಿಯಿಂದ ಉಳಿಸಲು ಹೋಗಿ ಬಸ್ಸಿಗೆ ಬಲಿ ಕೊಡುತ್ತಿದ್ದೇವೇನೋ ಎಂದು ನನಗೆ ಅನಿಸುತ್ತಿತ್ತು. ಅವರಿಗೂ ಅನಿಸಿರಬೇಕು. ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಬಸವಣ್ಣನ ಗುಡಿಯ ದಿಕ್ಕಿಗೆ ತಿರುಗಿ, ಬರುವಾಗ ಕಾಯಿ ಒಡೆಸುತ್ತೇನೆ ಎಂದು ಹೇಳಿಕೊಂಡರು.

ಮುದ್ದೇಬಿಹಾಳದಲ್ಲಿ ಟೆಂಟೇನೋ ಇತ್ತು. ಹಲಗೆಯ ಮೇಲೆ ಬೇರೆ ಸಿನೆಮಾದ ಚಿತ್ರ, ಇಬ್ಬರು ಕತ್ತಿ ಹಿಡಿದು ನಿಂತಿದ್ದರು. ನೆರಳಿನಲ್ಲಿ ಆಪರೇಟರ್ ಇಂಜಿನ್ನಿಗೆ ಎಣ್ಣೆ ಬಿಡುತ್ತಿದ್ದರು, ಬಿಳಿ ಗಡ್ಡದ ಮುಸಲ್ಮಾನರು. ನನ್ನ ಹೊಟ್ಟೆ ನೋಡಿ ಮೊದಲು ಡಬ್ಬಿಯೊಂದನ್ನು ಬೋರಲು ಹಾಕಿ ಕೂರಲು ಕೊಟ್ಟರು. ಅತ್ತೆ ಎಲ್ಲವನ್ನೂ ಹೇಳಿದರು.

“ಕಡೀ ಡಬ್ಬಿ ಹಳ್ಳ ದಾಟಸೂ ಮುಂದ ನೀರಾಗ ನೆಂದೈತ್ರಿ ಅವ್ವಾರ,” ಎಂದರು ಅವರು. “ಹಸೀ ಹಪ್ಪಳಧಂಗ ಅಂಟಿಕೊಂಡು ಕುಂತೈತಿ. ಬಾಗೇವಾಡ್ಯಾಗೂ ತೋರ್ಸಿಲ್ಲ, ಇಲ್ಲೂ ತೋರ್ಸಿಲ್ಲ. ನಿನ್ನೆ ಹುಬ್ಬಳ್ಳಿಗಿ ವಾಪಸ್ ಕಳಿಸೇವಿ.”

ಕಡೆಯ ಭಾಗದಲ್ಲಿ ಏನಾಗುತ್ತದೆ ಎಂದು ನಾನು ಕೇಳಿದೆ. ಅವರೂ ನೋಡಿರಲಿಲ್ಲ. ಹಾಗಾದರೆ ನಮ್ಮ ಈ ಮೂರು ತಾಲ್ಲೂಕಿನಲ್ಲಿ ಅವನು ಎಲ್ಲಿಂದಲೂ ಹೊರಟುಹೋಗಿಲ್ಲ ಎಂದಾಯಿತು. ಅತ್ತೆ ಬಿಸಿಲಲ್ಲಿ, ಆ ಬರಿ ನೆಲದ ಮೇಲೆ ಕೂತುಬಿಟ್ಟರು. ಅವರನ್ನು ನಾನು ಕೈ ಹಿಡಿದು ಎಬ್ಬಿಸಬೇಕಾಯಿತು.

ಆ ರಾತ್ರಿ ಬಾಗೇವಾಡಿಯ ಮಠದಲ್ಲಿ ಮಲಗಿ, ಕಾಯಿ ಒಡೆಸಿ, ಬೆಳಿಗ್ಗೆ ಸಿಂದಗಿಯ ಬಸ್ಸು ಹತ್ತಿದೆವು. ಬಸ್ಸು ಅರ್ಧ ದಾರಿ ಬಂದಾಗ ನನಗೆ ಹೊಳೆಯಿತು: ಎದ್ದಾಗಿನಿಂದ ಹೊಟ್ಟೆಯಲ್ಲಿ ಅದು ಮಿಸುಕಿಲ್ಲ. ಒಂದು ಕಡೆ ಒತ್ತಿ ನೋಡಿದೆ. ನೀರು ಕುಡಿದೆ. ಬೆಲ್ಲ ಬಾಯಿಗೆ ಹಾಕಿಕೊಂಡೆ. ಹೊಟ್ಟೆ ಸುಮ್ಮನೆ, ಕಟ್ಟಿಟ್ಟ ಗಂಟಿನಂತೆ ಇತ್ತು. ಹಿಂದಿನ ಎರಡು ಸಲವೂ ಮೊದಲು ಹೀಗೆ ಎಲ್ಲವೂ ಸುಮ್ಮನಾಗಿತ್ತು. ಪಕ್ಕದಲ್ಲಿದ್ದ ಅತ್ತೆ ಆ ದಾರಿಯುದ್ದಕ್ಕೂ ಏನನ್ನೂ ಕೇಳಲಿಲ್ಲ. ಕೇಳದಿರಲಿ ಎಂದು ನಾನು ದೇವರನ್ನು ಬೇಡುತ್ತಿದ್ದೆ.

ಮನೆಗೆ ಬಂದು ಕಾಲು ತೊಳೆದ ಮೇಲೆ ಕೇಳಿದರು. “ಆಡ್ತೈತೇನು?”

“ಇಲ್ರಿ,” ಎಂದೆ.

ಮಧ್ಯಾಹ್ನದ ಹೊತ್ತು. ಮನೆಯವರು ಅಂಗಡಿಯಲ್ಲಿದ್ದರು. ಸೂಲಗಿತ್ತಿಯನ್ನು ಕರೆಯಲು ಹೋಗುತ್ತಾರೆ ಎಂದುಕೊಂಡೆ. ಅತ್ತೆ ಹಾಗೆ ಮಾಡದೆ ಪಡಸಾಲೆಯಲ್ಲಿ ನೆಲ ಸಾರಿಸಿ, ಎಳ್ಳೆಣ್ಣೆಯ ದೀಪ ಹಚ್ಚಿದರು. ಆ ಶನಿವಾರದಿಂದ ಹಾಗೇ ಇದ್ದ ಎಳ್ಳು ಬೆಲ್ಲದ ಗಂಟು ತಂದು ಪಕ್ಕಕ್ಕೆ ಇಟ್ಟರು. ಕರಿಯ ಕಂಬಳಿ ತಂದು ನನ್ನ ಹೆಗಲಿಗೆ ಹಾಕಿದರು.

“ಅಂವ ಹೆಂಗ ಮಾಡ್ತಾನಂತ ನಿನಗ ಗೊತ್ತೈತಿ. ನಿಮ್ಮಪ್ಪನ ಮುಂದ ಮಾಡಿ ತೋರಸ್ತಿದ್ನಿ ಅಂತ ನೀನ ಹೇಳಿದ್ದಿ. ಉಳದದ್ದು ನೀ ಮಾಡು. ನಾ ಕುಂದರ್ತೇನಿ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರಾಗಲೇ ದೀಪದ ಮುಂದೆ, ಕೈಕಾಲು ಕಳೆದುಕೊಂಡ ರಾಜ ಕೂತಂತೆ ಕೂತಿದ್ದರು. ನಾನು ಒಂದು ಕಾಲು ಎಳೆಯುತ್ತ ಹೋದೆ. ಮೊದಲ ಹೆಜ್ಜೆಗೆ ನಾಚಿಕೆಯಾಯಿತು. ಆಮೇಲೆ ಕಂಬಳಿಯ ಅಂಚನ್ನು ಬೆರಳು ಮುಚ್ಚುವ ಹಾಗೆ ಜಗ್ಗಿಕೊಂಡೆ, ಮುಖ ಓರೆ ಮಾಡಿದೆ, ಅಷ್ಟಕ್ಕೇ ಅವನು ಬಂದುಬಿಟ್ಟ. ನಾಚಿಕೆಪಡುತ್ತ, ಬೇಸತ್ತು, ಕೆಲಸ ಮುಗಿಸಲು ಬಂದವನ ಹಾಗೆ ಅತ್ತೆಯ ಕೈ ಮುಟ್ಟಿದೆ, ಕಾಲು ಮುಟ್ಟಿದೆ. ರಾಜನಿಗೆ ಕೈಕಾಲು ಬಂದವು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅತ್ತೆ ಬಗ್ಗಿ ನನ್ನ ಎರಡೂ ಪಾದ ಹಿಡಿದರು. ಅತ್ತೆ ಸೊಸೆಯ ಕಾಲು ಹಿಡಿದದ್ದನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ?

“ಎರಡ ಒಯ್ದಿ. ನಾ ಏನೂ ಅನಲಿಲ್ಲ,” ಎಂದರು. “ಇದೊಂದ ನಮಗ ಬಿಟ್ಟ ಹೋಗೋ ನಮ್ಮಪ್ಪಾ.”

ಆಯಿತು ಎಂದು ಹೇಳುವುದು ಸುಲಭ. ಆದರೆ ಹೊಟ್ಟೆಯಲ್ಲಿ ಅಲುಗಾಡದ ಕೂಸನ್ನು ಇಟ್ಟುಕೊಂಡು, ದೇವರ ಬಾಯಲ್ಲಿ, ನಾನು ಹೇಗೆ ಮಾತು ಕೊಡಲಿ? ಅಡ್ಡಮಾರಿಯವನಾಗಿದ್ದರೆ ಏನು ಮಾಡುತ್ತಿದ್ದ ಎಂದು ಯೋಚಿಸಿದೆ. ಅವನು ಯಾವ ಸಿನೆಮಾದಲ್ಲಿಯೂ ಯಾರಿಗೂ ಮಾತು ಕೊಟ್ಟವನಲ್ಲ. ಅವನಿಗೆ ಬರುತ್ತಿದ್ದದ್ದು ಒಂದೇ.

“ನಾ ಹೊಂಟೆ,” ಎಂದೆ.

ಕಾಲು ಬಿಡಿಸಿಕೊಂಡು ಬಾಗಿಲಿಗೆ ನಡೆದೆ. ಹೊಸ್ತಿಲ ಹತ್ತಿರ ನಿಂತೆ. ತಿರುಗಿ ಅತ್ತೆಯನ್ನು ನೋಡಲಿಲ್ಲ. ನೋಡಲಿಕ್ಕೆ ಏನಾದರೂ ಸಣ್ಣ ವಸ್ತು ಬೇಕಾಗಿತ್ತು. ಮೂಲೆಯ ಗೋಡೆಯ ಗೂಡಿನಲ್ಲಿ, ಕಾಳಿನ ಡಬ್ಬಿಗಳ ಹಿಂದೆ, ಅತ್ತೆ ತಮ್ಮ ಹಳೆಯ ಸೀರೆ ಹರಿದು ಕೂಸಿಗೆಂದು ಮಡಚಿಟ್ಟ ಅರಿವೆಗಳ ಗಂಟು ಕಂಡಿತು. ಯಾರಿಗೂ ಹೇಳದೆ, ನನಗೂ ತೋರಿಸದೆ ಮುಚ್ಚಿಟ್ಟಿದ್ದರು. ಅದನ್ನು ಒಂದು ಕ್ಷಣ ನೋಡಿದೆ. ಹೊರಟುಹೋದೆ.

ಅಂಗಳದ ಬೇವಿನ ಮರದ ಕೆಳಗೆ ಬಂದು ನಿಂತ ಮೇಲೆ ನನಗೆ ಗೊತ್ತಾಯಿತು, ಇನ್ನು ನಾನಾಗಿ ಒಳಗೆ ಹೋಗುವಂತಿಲ್ಲ. ಈಗ ತಿರುಗಿ ಹೊಸ್ತಿಲು ದಾಟಿದರೆ ದಾಟುವವರು ಯಾರು, ನಾನೋ ಅವನೋ? ಕಂಬಳಿಯನ್ನು ಕಿತ್ತು ಕಟ್ಟೆಯ ಮೇಲೆ ಹಾಕಿದೆ. ಬರಿಗಾಲು ನೆಲದ ಬಿಸಿಗೆ ಸುಡುತ್ತಿತ್ತು. ಒಳಗಿನಿಂದ ಸಪ್ಪಳವಿಲ್ಲ. ಅಪ್ಪ ಇದನ್ನು ನೋಡಿದ್ದರೆ ಏನೆನ್ನುತ್ತಿದ್ದರೋ ಎಂದುಕೊಂಡು ಅಳು ಬಂತು. ಬಾಯಿಗೆ ಸೆರಗು ಒತ್ತಿಕೊಂಡು, ಇನ್ನೊಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ನಿಂತೆ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಪಕ್ಕೆಯ ಹತ್ತಿರ, ಅಂಗೈ ಕೆಳಗೆ, ಒಂದು ಸಣ್ಣ ಒದೆ ಬಿತ್ತು. ಆಮೇಲೆ ಇನ್ನೊಂದು, ಜೋರಾಗಿ, ಸಿಟ್ಟಿನಿಂದ ಒದ್ದಂತೆ.

ಅತ್ತೆ ನೀರು ತುಂಬಿದ ತಂಬಿಗೆ ಹಿಡಿದು ಬಾಗಿಲಿಗೆ ಬಂದಿದ್ದರು. ಹೊಸ್ತಿಲು ದಾಟಿ ಹೊರಗೆ ಬರಲಿಲ್ಲ.

“ಹ್ವಾದೇನು ಅಂವ?”

“ಹ್ವಾದ್ರಿ.”

ಅವರ ಕಣ್ಣು ನನ್ನ ಹೊಟ್ಟೆಯ ಮೇಲೆ ಇಳಿಯಿತು. ಕೇಳುವ ತನಕ ನಾನೇಕೆ ಕಾಯಲಿ?

“ಇದು ಐತ್ರಿ ಅತ್ತಿ,” ಎಂದೆ. “ಆಡಾಕತ್ತೈತಿ.”

ಅವರು ಇಳಿದು ಬಂದು ನನ್ನ ಕಾಲಿಗೆ ನೀರು ಹಾಕಿದರು. ಆಮೇಲೆ ಎಳ್ಳು ಬೆಲ್ಲ ನನ್ನ ಬಾಯಿಗೆ ಇಟ್ಟು, ಒಳಗ ಬಾ ಮಗಳ, ಎಂದರು.